ಹದಿನಾಲ್ಕನೇ ಚೌಕ

ಹಾಳೆಯ ಮೇಲಿನ ಹದಿನಾಲ್ಕನೇ ಚೌಕದ ಚಿತ್ರವನ್ನು ಕಿಟ್ ಯೀ ಅಂಗೈಯಿಂದ ಮುಚ್ಚಿ ಹಿಡಿದಿದ್ದಳು. ಉಳಿದ ಹದಿಮೂರನ್ನು ಪೊಪೊ ಒಂದೊಂದಾಗಿ ನೋಡುತ್ತಿದ್ದಳು, ಸಂತೆಯಲ್ಲಿ ಮೀನಿನ ಕಿವಿರು ಎತ್ತಿ ನೋಡುವಷ್ಟೇ ನಿಧಾನವಾಗಿ. ಪೊಪೊ ಎಂದರೆ ಅವಳ ಅಮ್ಮನ ಅಮ್ಮ. ಕಾಲೇಜಿನ ಗೆಳೆಯರಿಬ್ಬರೂ ಬಂದಮೇಲೆ ಅವರಿಗೂ ಅವಳು ಪೊಪೊಳೇ ಆಗಿದ್ದಳು.

"ಇದೇನಿದು, ಬಾಚಣಿಗೆಯಾ?" ಮೂರನೇ ಚೌಕದ ಮೇಲೆ ಬೆರಳಿಟ್ಟು ಕೇಳಿದಳು.

"ಹೂಂ ಪೊಪೊ. ಸಿನಿಮಾ ಶುರುವಾಗುವಾಗ ಅದರ ಪಕ್ಕದಲ್ಲಿ ನನ್ನ ಹೆಸರು ಬರುತ್ತೆ. ನಿರ್ದೇಶನ, ಹಫೀಜುಲ್," ಎಂದ ಹಫೀಜುಲ್.

"ಬಾಚಣಿಗೆ ನೋಡಿ ಯಾರಪ್ಪ ಹೆದರ್ತಾರೆ?"

"ಅದರಲ್ಲಿ ಸಿಕ್ಕಿಕೊಂಡಿರೋ ಕೂದಲು ಆ ಮನೆಯವಳದಲ್ಲ. ಅದಕ್ಕೆ ಹೆದರಬೇಕು."

"ಅದರಲ್ಲಿ ಹೆದರೋದೇನು ಬಂತು. ಮಗಳು ಬಂದು ಬಾಚ್ಕೊಂಡು ಹೋಗಿರ್ತಾಳೆ."

ತಾರಿಣಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿ ನಕ್ಕಳು. "ಕೇಳಿಸ್ತಾ? ನಾನು ಮೊದಲೇ ಹೇಳಿದ್ದೆ. ನೀನು ಹೆದರಿಸೋದೆಲ್ಲ ಅಕ್ಕತಂಗಿಯರಿಲ್ಲದ ಮನೆಯವರನ್ನ."

"ನೀನು ಮೊದಲು ಕನ್ನಡಿ ಮುಂದೆ ನಗದೆ ನಿಂತ್ಕೊಳ್ಳೋದು ಕಲಿ, ಆಮೇಲೆ ಮಾತಾಡು," ಎಂದ ಹಫೀಜುಲ್.

ಅವರ ಸಿನಿಮಾದ ಹೆಸರು ಆಗಲೇ ಮೂರು ಸಲ ಬದಲಾಗಿತ್ತು. ಕತೆ ಮಾತ್ರ ಅದೇ. ಒಬ್ಬಂಟಿ ಹೆಂಗಸು ಹೊರಗೆ ಹೋಗಿ ಬರುವಷ್ಟರಲ್ಲಿ ಯಾರೋ ಅವಳ ಮನೆಯನ್ನು ಓರಣ ಮಾಡಿಟ್ಟಿರುತ್ತಾರೆ. ಆ ಯಾರೋ ತಾನೇ ಎಂದು ಅವಳಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಆ ಹೆಂಗಸು ತಾರಿಣಿ. ಹೆಸರುಗಳು ಬರುವ ಮೊದಲ ಎರಡು ನಿಮಿಷ ಕಿಟ್ ಯೀಯ ಪಾಲಿಗೆ ಬಂದಿತ್ತು. ಸೋಮವಾರ ಆ ಎರಡು ನಿಮಿಷಕ್ಕೆ ಚೌಕ ಚೌಕವಾಗಿ ಬರೆದ ಚಿತ್ರಗಳನ್ನೂ ಪ್ರಯೋಗಕ್ಕೆಂದು ತೆಗೆದ ಒಂದು ದೃಶ್ಯವನ್ನೂ ನೋಡಿ, ಏಳು ತಂಡಗಳಲ್ಲಿ ಮೂರಕ್ಕೆ ಮಾತ್ರ ಕಾಲೇಜಿನ ಕ್ಯಾಮೆರಾ ಕೊಡುತ್ತಾರೆ. ಉಳಿದ ನಾಲ್ಕು ತಂಡದವರು ಬೇರೆಯವರ ಸಿನಿಮಾದಲ್ಲಿ ದೀಪ ಹಿಡಿಯಬೇಕು. ಇವತ್ತು ಶನಿವಾರ.

ಗುರುವಾರ ಸಿನಿಮಾ ಪಾಠ ಮಾಡುವ ಜುರೈದಾ ಮೇಡಂ ಹದಿಮೂರು ಚೌಕಗಳನ್ನೂ ನೋಡಿ ಕನ್ನಡಕ ತೆಗೆದಿಟ್ಟಿದ್ದರು. "ಅಚ್ಚುಕಟ್ಟಾಗಿದೆ. ಆದರೆ ನನಗೆ ಭಯ ಆಗಲಿಲ್ಲ. ಕಿಟ್ ಯೀ, ನಿನಗೆ ನಿಜವಾಗಿ ಯಾವುದಕ್ಕೆ ಭಯ?"

ಪ್ರತಿ ಮಾತನ್ನೂ ನಾಲಿಗೆಯ ಮೇಲಿಟ್ಟು ತೂಗಿ ನೋಡಿ ಆಡುವವಳು ಅವಳು. ಅವತ್ತು ಮಾತ್ರ ತೂಗಲಿಲ್ಲ. ಬೆಟ್ಟದ ಮೇಲಿರುವ ತಾತನ ಸಮಾಧಿ ಕಲ್ಲಿನ ವಿಷಯ ಹೇಳಿಬಿಟ್ಟಳು. ಅದರಲ್ಲಿ ಎರಡು ಹೆಸರುಗಳನ್ನು ಅಕ್ಕಪಕ್ಕ ಕೊರೆದಿದೆ. ತೀರಿಹೋದ ತಾತನ ಹೆಸರು ಬಂಗಾರದ ಬಣ್ಣದಲ್ಲಿ, ಬದುಕಿರುವ ಪೊಪೊಳದು ಕೆಂಪಿನಲ್ಲಿ. ಅವಳೂ ತೀರಿಹೋದ ದಿನ ಕೆಂಪನ್ನು ಕೆರೆದು ಬಂಗಾರ ತುಂಬುತ್ತಾರೆ. ಚಿಕ್ಕವಳಿದ್ದಾಗ ಪ್ರತಿ ವರ್ಷ ಹಿರಿಯರ ಸಮಾಧಿಗೆ ಹೋಗುವ ಚಿಂಗ್ ಮಿಂಗ್ ದಿನ, ದೊಡ್ಡವರು ಊದುಬತ್ತಿ ಕಿತ್ತಳೆಹಣ್ಣು ಹೊತ್ತು ಏದುಸಿರು ಬಿಡುತ್ತ ಹತ್ತುತ್ತಿರುವಾಗ, ಅವಳು ಮುಂದೆ ಓಡಿ ಮೊದಲು ನೋಡುತ್ತಿದ್ದುದು ಅದನ್ನೇ, ಕೆಂಪು ಇನ್ನೂ ಕೆಂಪಾಗಿದೆಯೇ ಎಂದು. ಯಾರಿಗೂ ಗೊತ್ತಾಗದಂತೆ ಒಂದು ಕೈ ಬಂದು ಬಣ್ಣ ಬದಲಿಸಿಬಿಟ್ಟರೆ, ಮನೆಗೆ ಹೋಗುವಷ್ಟರಲ್ಲಿ ಪೊಪೊ ಇರುವುದಿಲ್ಲ ಎಂದು ಅವಳು ನಂಬಿದ್ದಳು.

ಹಫೀಜುಲ್ ತನ್ನ ತೋಳಿನ ಮೇಲೆದ್ದ ನವಿರನ್ನು ತರಗತಿಗೆಲ್ಲ ತೋರಿಸಿದ. "ಕೆಂಪು ಹೆಸರು. ಒಂದು ಮುದಿ ಕೈ ಬರುತ್ತೆ. ಬಂಗಾರ ಬಳಿಯುತ್ತೆ. ಕಟ್. ಸಿನಿಮಾದ ಹೆಸರು."

"ಅಜ್ಜಿಯದೇ ಕೈ, ಅಜ್ಜಿಯದೇ ಹೆಸರು. ಆ ದೃಶ್ಯ ತೆಗೆಯೋಕಾಗುತ್ತಾ?" ಎಂದು ಕೇಳಿದ್ದರು ಮೇಡಂ.

ಕಿಟ್ ಯೀ ಹೂಂ ಎಂದು ತಲೆಯಾಡಿಸಿದ್ದಳು. ಅಲ್ಲಿಂದ ಈಚೆಗೆ ಅವಳಿಗೆ ಸರಿಯಾಗಿ ಊಟ ಸೇರಿರಲಿಲ್ಲ.

ಅಲ್ಲಿ ಹೇಳದೆ ಉಳಿಸಿಕೊಂಡದ್ದೂ ಒಂದಿತ್ತು. ಮೊದಲೆಲ್ಲ ಪೊಪೊ ಪ್ರತಿ ವರ್ಷ ತನ್ನ ಹೆಸರಿಗೆ ತಾನೇ ಕೆಂಪು ತುಂಬುತ್ತಿದ್ದಳು, ಗಿಡ್ಡ ಮಣೆಯ ಮೇಲೆ ಕೂತು, ಪಕ್ಕದ ಸಮಾಧಿಗೆ ಬಂದವರೊಡನೆ ಮೂಲಂಗಿಯ ಬೆಲೆ ಮಾತಾಡುತ್ತ. ಬಣ್ಣದ ಡಬ್ಬಿ ಹಿಡಿಯುವ ಕೆಲಸ ಮೊಮ್ಮಗಳದು. ಹೊರಗೆ ಬಿದ್ದ ಹನಿಯನ್ನು ಒರೆಸಲು ಅಂಗಿಯ ಅಂಚು ಕೊಟ್ಟು ಅಮ್ಮನಿಂದ ಬೈಸಿಕೊಳ್ಳುವುದೂ ಅವಳದೇ. ಈಗ ಎರಡು ವರ್ಷದಿಂದ ಪೊಪೊಳ ಮಂಡಿ ಬೆಟ್ಟಕ್ಕೆ ಒಗ್ಗುತ್ತಿಲ್ಲ. ಈ ಏಪ್ರಿಲ್‌ನಲ್ಲಿ ಕಿಟ್ ಯೀ ನೋಡಿದಾಗ ಕೆಂಪು ಒಗೆದೊಗೆದು ಬಣ್ಣ ಹೋದ ಬಟ್ಟೆಯಂತಾಗಿತ್ತು. ಮಾವ ಊದುಬತ್ತಿ ಹಚ್ಚುತ್ತಿದ್ದ, ಅಮ್ಮ ಕಿತ್ತಳೆ ಜೋಡಿಸುತ್ತಿದ್ದಳು. ಅವಳು ನೋಡಿದಳು, ಯಾರಿಗೂ ಹೇಳಲಿಲ್ಲ.

"ಕೈ ತೆಗಿಯೇ," ಎಂದಳು ಪೊಪೊ.

"ಅದು ಇನ್ನೂ ಮುಗಿದಿಲ್ಲ ಪೊಪೊ."

"ಮುಗಿಯದ್ದನ್ನೇ ತೋರಿಸು. ಮುಗಿದಮೇಲೆ ತೋರಿಸಿದರೆ ತಿದ್ದೋಕಾಗುತ್ತಾ?"

ಪೊಪೊ ಅವಳ ಮಣಿಕಟ್ಟು ಹಿಡಿದು, ಪಾತ್ರೆಯ ಮುಚ್ಚಳ ಸರಿಸುವಂತೆ ಕೈಯನ್ನು ಪಕ್ಕಕ್ಕಿಟ್ಟಳು. ಚೌಕದಲ್ಲಿ ಒಂದು ಕಲ್ಲು, ಕಲ್ಲಿನಲ್ಲಿ ಪೊಪೊಳದೇ ಹೆಸರಿನ ಮೂರು ಅಕ್ಷರ. ಎರಡು ಕೆಂಪು, ಒಂದಕ್ಕೆ ಅರ್ಧ ಬಂಗಾರ. ಸುಕ್ಕುಗಟ್ಟಿದ ಒಂದು ಕೈ, ಕೈಯಲ್ಲಿ ಕುಂಚ.

ತಾರಿಣಿ ಮೇಜಿನ ಕೆಳಗೆ ಹಫೀಜುಲ್‌ನ ಕಾಲು ತುಳಿದಳು. ಅವನು ಸಕ್ಕರೆ ಹಾಕದ ಕಾಫಿಯ ಗ್ಲಾಸನ್ನು ಮತ್ತೆ ಮತ್ತೆ ಕಲಕಿದ. ಅದು ಹಂದಿಮಾಂಸ ತಾಗದಿರಲೆಂದು ಪೊಪೊ ಅವನಿಗಾಗಿಯೇ ಬೇರೆ ಎತ್ತಿಟ್ಟಿರುತ್ತಿದ್ದ ಗ್ಲಾಸು.

"ಕುಂಚ ಹೀಗೆ ಹಿಡಿಯೋಲ್ಲ," ಎಂದಳು ಪೊಪೊ ಕೊನೆಗೆ. "ಇದು ಉಗುರಿಗೆ ಬಣ್ಣ ಹಚ್ಕೊಳ್ಳೋರು ಹಿಡಿಯೋ ರೀತಿ. ನಲವತ್ತು ವರ್ಷ ನನ್ನ ಪಕ್ಕದಲ್ಲಿ ಕೂತು ಕಲ್ಲು ಕೊರೆದ ನಿಮ್ಮ ತಾತ ನೋಡಿದ್ರೆ ನಗ್ತಿದ್ರು."

"ಇದನ್ನ ಸಿನಿಮಾದಲ್ಲಿ ತೆಗೆಯೋಲ್ಲ ಪೊಪೊ. ಹೇಗೂ ಈಗ ಬೆಟ್ಟಕ್ಕೆ ಹೋಗೋ ಹಾಗಿಲ್ಲವಲ್ಲ, ಕಾಲ ಅಲ್ಲದ ಕಾಲದಲ್ಲಿ," ಎಂದಳು ಕಿಟ್ ಯೀ ಒಂದೇ ಉಸಿರಿಗೆ. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತು ಅದು. ಹಫೀಜುಲ್ ಅವಳ ಕಡೆ ತಿರುಗಿ ನೋಡಿದ.

"ಬೆಟ್ಟಕ್ಕೆ ಯಾಕೆ ಹೋಗಬೇಕು?" ಎಂದು ಪೊಪೊ ಎದ್ದಳು.

ಅಡುಗೆಮನೆಯ ಮೂಲೆಯಲ್ಲಿ ಸಾಸಿವೆ ಸೊಪ್ಪನ್ನು ಉಪ್ಪಿನಲ್ಲಿ ಹುಳಿಸುವ ಜಾಡಿ. ಮರದ ಮುಚ್ಚಳದ ಮೇಲೆ ತೂಕಕ್ಕೆಂದು ಇಟ್ಟ ಕರಿಕಲ್ಲು. ಕಿಟ್ ಯೀ ಹುಟ್ಟಿದಾಗಿನಿಂದ ಅದು ಅಲ್ಲೇ ಇತ್ತು. ಅದರ ಮೇಲೆ ಕೂತು ಹಠ ಮಾಡಿದ್ದಳು, ಅದರ ತಂಪಿಗೆ ಕೆನ್ನೆಯೊತ್ತಿ ಜ್ವರ ಇಳಿಸಿಕೊಂಡಿದ್ದಳು. ಪೊಪೊ ಬಾಗಿದಾಗ ಹಫೀಜುಲ್ ಓಡಿಹೋಗಿ ಕಲ್ಲೆತ್ತಿದ. ಹಿತ್ತಲಿನ ಬಿಸಿಲಿಗೆ ತಂದು, ಅವಳು ಹೇಳಿದಂತೆ ಅದನ್ನು ಮಗುಚಿ ಇಟ್ಟ.

ಕೆಳಮುಖವಾಗಿದ್ದ ಮೈಯಲ್ಲಿ ಮೂರು ಅಕ್ಷರಗಳಿದ್ದವು. ಪೊಪೊಳ ಹೆಸರು. ಸಂದುಗಳಲ್ಲಿ ಕೆಂಪು ಇನ್ನೂ ಗಟ್ಟಿಯಾಗಿ ಕೂತಿತ್ತು. ಮೊದಲ ಅಕ್ಷರದಲ್ಲಿ ಮಾತ್ರ ಉಪ್ಪುನೀರು ತಿಂದು ಚಕ್ಕೆಯೆದ್ದಿತ್ತು.

"ನನಗಾಗ ಹತ್ತೊಂಬತ್ತು," ಎಂದಳು ಪೊಪೊ, ತನ್ನ ಅಂಗಿಯ ತುದಿಯಿಂದ ಕಲ್ಲೊರೆಸುತ್ತ. "ಸಮಾಧಿ ಕಲ್ಲು ಕೊರೆಯೋ ನಿಮ್ಮ ತಾತನ ಅಂಗಡಿ ಎದುರಿಗೆ ಮೊಳಕೆಕಾಳು ಮಾರ್ತಿದ್ದೆ. ಒಂದು ದಿನ ಬಂದು ಇದನ್ನ ಕೈಗಿಟ್ರು. ಬೇರೆ ಹುಡುಗೀರಿಗೆ ಬಟ್ಟೆ ಬರೆ ಬರ್ತಿತ್ತು. ನನಗೆ ಸಮಾಧಿ ಕಲ್ಲು."

"ಅಯ್ಯೋ ಪೊಪೊ," ಎಂದಳು ತಾರಿಣಿ.

"ನಮ್ಮಮ್ಮ ಪೊರಕೆ ತಗೊಂಡು ಬೀದಿ ಕೊನೇವರೆಗೂ ಓಡಿಸಿದಳು, ಬದುಕಿರೋ ಮಗಳ ಹೆಸರು ಕೊರೆದೆಯಲ್ಲೋ ಅಂತ. ಸಾಯಂಕಾಲ ಆ ಮನುಷ್ಯ ಮತ್ತೆ ಬಂದ್ರು. ಕೈಯಲ್ಲಿ ಕೆಂಪು ಡಬ್ಬಿ. ಹೊಸಿಲ ಮೇಲೆ ಕೂತು, ಅಮ್ಮನ ಕಣ್ಣೆದುರಿಗೇ ತುಂಬೋಕೆ ಶುರು ಮಾಡಿದ್ರು. ಈಗ ಸರಿಹೋಯ್ತಾ ಅಮ್ಮಾ, ಅಂತ ಕೇಳ್ತಾರೆ. ಕೈ ನಡುಗಿ ಬಣ್ಣ ಎಲ್ಲಾ ಹೊರಗೆ. ನೋಡೋಕಾಗದೆ ನಾನೇ ಕುಂಚ ಕಿತ್ಕೊಂಡೆ." ಅವಳು ಮೂರನೆಯ ಅಕ್ಷರದ ಬಾಲವನ್ನು ಬೆರಳಿನಿಂದ ಮುಟ್ಟಿದಳು. "ಇಲ್ಲಿಂದ ಈಚೆಗೆ ನಂದು. ಅವತ್ತಿಂದ ಉಳಿ ಅವರದು, ಬಣ್ಣ ನನ್ನದು."

"ಮತ್ತೆ ಉಪ್ಪಿನ ಸೊಪ್ಪಿನ ಮೇಲೆ ಯಾಕಿಟ್ರಿ?" ಎಂದು ಕೇಳಿದ ಹಫೀಜುಲ್.

"ಗೋಡೆಗೆ ತಗುಲಿಹಾಕೋಕಾಗುತ್ತೇನೋ? ತೂಕ ಸರಿಯಾಗಿತ್ತು, ಇಟ್ಟೆ."

ಪೊಪೊ ಒಳಗೆ ಹೋಗಿ ಎರಡು ಡಬ್ಬಿ, ಒಂದು ಸಣ್ಣ ಕುಂಚ, ಕೆರೆಯುವ ಮೊಳೆ ತಂದಳು. ಮುಚ್ಚಳಗಳನ್ನು ಚಮಚದ ಹಿಡಿಯಿಂದ ಎಬ್ಬಿಸಿದಳು. ಒಂದು ಕೆಂಪು, ಇನ್ನೊಂದು ಬಂಗಾರ. "ಹಳೇದನ್ನ ಕೆರೀದೆ ಬಂಗಾರ ನಿಲ್ಲೋಲ್ಲ. ಮೊದಲು ಕೆರೀಬೇಕು. ನಿಮ್ಮ ಸಿನಿಮಾದಲ್ಲಿ ಅದನ್ನೂ ತೋರಿಸಿ, ಆ ಸದ್ದು ಚೆನ್ನಾಗಿರುತ್ತೆ."

ಹಫೀಜುಲ್ ಆಗಲೇ ಮಂಡಿಯೂರಿ ಫೋನು ಹಿಡಿದು ಬೆಳಕು ನೋಡುತ್ತಿದ್ದ. ಪೊಪೊ ಕುಂಚವನ್ನು ಎತ್ತಿ ಕಲ್ಲಿನ ಹತ್ತಿರ ತಂದಳು. ತುದಿ ಅಕ್ಷರದ ಸುತ್ತ ಅಲೆಯಿತು, ಒಳಗಿಳಿಯಲಿಲ್ಲ. ಒಂದು ಸಲ, ಇನ್ನೊಂದು ಸಲ. ಅವಳು ಆ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡಿ, ಕುಂಚವನ್ನು ಮೊಮ್ಮಗಳ ಕಡೆ ಚಾಚಿದಳು.

"ನೀನೇ ಮಾಡು. ಡಬ್ಬಿ ಹಿಡಿದೂ ಹಿಡಿದೂ ಕಲಿತಿರ್ತೀಯ."

"ಯಾವ ಬಣ್ಣ?"

"ಸಿನಿಮಾ ನಿನ್ನದು. ನನ್ನ ಕೇಳ್ತೀಯಲ್ಲ."

ಕಿಟ್ ಯೀ ಕುಂಚ ತೆಗೆದುಕೊಂಡಳು. ಬಂಗಾರದ ಡಬ್ಬಿಯಲ್ಲಿ ಬಿಸಿಲು ಬಿದ್ದು ಅವಳ ಗದ್ದದ ಮೇಲೆ ಒಂದು ಹಳದಿ ಚುಕ್ಕೆ ಆಡುತ್ತಿತ್ತು. ಸೋಮವಾರ ಮೇಡಂ ಮುಂದೆ ಏನಿಡಬೇಕೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಐದು ಸೆಕೆಂಡಿನ ಕೆಲಸ. ಬರಿ ಬಣ್ಣ. ಹಫೀಜುಲ್ ಇದಕ್ಕಾಗಿ ಎರಡು ತಿಂಗಳು ನಿದ್ದೆಗೆಟ್ಟಿದ್ದಾನೆ.

"ಪೊಪೊ, ನಿನಗೆ ಹೆದರಿಕೆ ಆಗಲ್ವಾ?"

"ಬಂಗಾರ ಅಂದ್ರೆ ಹೆದರಿಕೆಯೇನೇ? ಸತ್ತೋರ ಮನೆಯವರು ಅಂಗಡಿಗೆ ಬಂದು, ನಿಂತು, ತುಂಬಿಸ್ಕೊಂಡು ಹೋಗ್ತಿದ್ರು. ಎಷ್ಟು ಸಾವಿರ ಹೆಸರಿಗೆ ತುಂಬಿದೀನೋ." ಪೊಪೊ ಮಣೆಯ ಮೇಲೆ ಕೂತು ಮಂಡಿ ನೀವಿಕೊಂಡಳು. "ಒಂದು ಕಲ್ಲು ಇತ್ತು. ಯಾರೋ ಹೆಸರು ಕೊರೆಸಿ ಹೋದೋರು ವಾಪಸ್ಸೇ ಬರಲಿಲ್ಲ. ಕೆಂಪು ತುಂಬೋದಾ ಬಂಗಾರ ತುಂಬೋದಾ, ಹೇಳೋರಿಲ್ಲ. ಎಂಟು ವರ್ಷ ಹಾಗೇ ಗೋಡೆಗೆ ಒರಗಿ ನಿಂತಿತ್ತು, ಬರೀ ತೂತು ತೂತು ಅಕ್ಷರ. ನಿಮ್ಮ ತಾತ ಅಷ್ಟು ಗಟ್ಟಿ ಮನುಷ್ಯ, ಆ ಕಲ್ಲಿಗೆ ಮಾತ್ರ ಬೆನ್ನು ಹಾಕಿ ಕೂರ್ತಿರಲಿಲ್ಲ."

ಹಫೀಜುಲ್ ಫೋನನ್ನು ಸ್ವಲ್ಪ ಕೆಳಗಿಳಿಸಿದ.

ಕಿಟ್ ಯೀ ಮೊಳೆಯಿಂದ ಮೊದಲ ಅಕ್ಷರದ ಚಕ್ಕೆಗಳನ್ನು ಕೆರೆದು ಊದಿದಳು. ಪುಡಿ ಹಾರಿ ಅಂಗಿಯ ಮೇಲೆ ಬಿತ್ತು. ಕುಂಚವನ್ನು ಮೂರು ಬೆರಳಲ್ಲಿ ನೆಟ್ಟಗೆ, ಪೊಪೊ ಹಿಡಿಯುತ್ತಿದ್ದಂತೆ ಹಿಡಿದು, ಕೆಂಪಿಗೆ ಅದ್ದಿದಳು.

"ಏಯ್, ಅದಲ್ಲ, ಬಂಗಾರ," ಎಂದ ಹಫೀಜುಲ್.

"ಗೊತ್ತು."

ಅವಳು ಮೇಲಿನ ಗೆರೆಯಿಂದ ಶುರುಮಾಡಿದಳು. ಬಣ್ಣ ತಾನಾಗಿ ಹರಿದು ಮೂಲೆ ಸೇರುವಷ್ಟು ಕೊಟ್ಟು, ನಿಲ್ಲಿಸಿ, ಮುಂದಿನದಕ್ಕೆ ಹೋದಳು. ಪೊಪೊ ಎರಡು ಕಡೆ ಮಾತ್ರ ಬಾಯಿ ಹಾಕಿದಳು. "ನಿಧಾನ," ಎಂದಳು ಒಮ್ಮೆ. "ಹೊರಗೆ ಹೋಯ್ತು, ಒರೆಸು," ಎಂದಳು ಇನ್ನೊಮ್ಮೆ. ಕಿಟ್ ಯೀ ಯೋಚಿಸದೆ ಅಂಗಿಯ ಅಂಚಿನಿಂದ ಒರೆಸಿದಳು. ತಾತ ಕೈ ನಡುಗಿಸಿ ಹೊರಗೆ ಚೆಲ್ಲಿದ್ದ ಒಂದು ಹಳೆಯ ಕಲೆ ಎರಡನೇ ಅಕ್ಷರದ ಬದಿಯಲ್ಲಿತ್ತು. ಅದನ್ನು ಮುಟ್ಟಲಿಲ್ಲ.

ಮೂರು ಅಕ್ಷರವೂ ಮುಗಿದಮೇಲೆ ಅವಳು ಮೇಜಿಗೆ ಹೋಗಿ ಹದಿನಾಲ್ಕನೇ ಚೌಕವನ್ನು ರಬ್ಬರಿನಿಂದ ಅಳಿಸಿದಳು. ಕೈ ಹೋಯಿತು, ಕುಂಚ ಹೋಯಿತು, ಪೊಪೊಳ ಹೆಸರು ಹೋಯಿತು. ಕಲ್ಲು ಮಾತ್ರ ಉಳಿಸಿ, ಅದರಲ್ಲಿ ಸಿನಿಮಾದ ಹೆಂಗಸಿನ ಹೆಸರನ್ನು ಬರಿ ಗೆರೆಗಳಲ್ಲಿ ಬರೆದಳು. ಮೊದಲ ಹದಿಮೂರು ಚೌಕಗಳ ಹೆಸರುಗಳು ಕೆಂಪಾಗಿ ಬರಲೆಂದು ಅವುಗಳ ಪಕ್ಕ ಕೆಂಪು ಪೆನ್ಸಿಲ್ಲಿನ ಗುರುತು ಹಾಕಿದಳು. ಹದಿನಾಲ್ಕನೆಯದಕ್ಕೆ ಕೆಂಪು ಬಂಗಾರ ಯಾವ ಗುರುತನ್ನೂ ಹಾಕಲಿಲ್ಲ.

ಹಫೀಜುಲ್ ಬಗ್ಗಿ ಬಹಳ ಹೊತ್ತು ನೋಡಿದ. "ಮೇಡಂಗೆ ಬಂಗಾರ ಇಷ್ಟ ಆಗಿತ್ತು. ಸೋಮವಾರ ಕೇಳಿದ್ರೆ?"

"ನಾನೇ ಹೇಳ್ತೀನಿ."

"ಕ್ಯಾಮೆರಾ ಸಿಗದೆ ಹೋದ್ರೆ?"

"ದೀಪ ಹಿಡಿಯೋಣ."

"ನಾನು ಹಿಡಿಯಲ್ಲಪ್ಪ, ನಾನು ನಟಿ," ಎಂದಳು ತಾರಿಣಿ. ಆಮೇಲೆ ಆ ಖಾಲಿ ಅಕ್ಷರಗಳನ್ನು ನೋಡಿ, ತನಗೆ ಗೊತ್ತಿಲ್ಲದಂತೆ ಕುರ್ಚಿಯನ್ನು ಗೋಡೆಗೆ ಒತ್ತಿ ಕೂತಳು. ಹಫೀಜುಲ್ ಅದನ್ನು ಗಮನಿಸಿದ. ಹಾಳೆಯನ್ನು ಎತ್ತಿ ತನ್ನ ಚೀಲದಲ್ಲಿಟ್ಟುಕೊಂಡ.

ಒಳಗೆ ತೂಕವಿಲ್ಲದೆ ಜಾಡಿಯ ಮುಚ್ಚಳ ಒಂದು ಕಡೆ ಎದ್ದಿತ್ತು. ಪೊಪೊ ಗೊಣಗುತ್ತ ಖಾರ ಅರೆಯುವ ಒರಳನ್ನು ಅದರ ಮೇಲೆ ಹೇರಿದಳು. "ಕಲ್ಲಿನ ಬಣ್ಣ ಒಣಗೋಕೆ ಎರಡು ದಿನ ಬೇಕು. ಅಲ್ಲಿವರೆಗೂ ಖಾರ ಇಲ್ಲ ಈ ಮನೇಲಿ."

ಕಿಟ್ ಯೀ ಬಂಗಾರದ ಡಬ್ಬಿಯನ್ನು ಮುಚ್ಚಿ ಕಪಾಟಿಗೆ ಸೇರಿಸಿದಳು. ಕೆಂಪಿನ ಡಬ್ಬಿಯ ಮುಚ್ಚಳವನ್ನು ಚಮಚದಿಂದ ಸುತ್ತಲೂ ತಟ್ಟಿ ಭದ್ರ ಮಾಡಿ, ಹಳೆಯ ಬಟ್ಟೆಯಲ್ಲಿ ಸುತ್ತಿ, ಬೆಟ್ಟದ ಕಲ್ಲಿಗೆಂದು ತನ್ನ ಚೀಲಕ್ಕೆ ಹಾಕಿಕೊಂಡಳು. ಪೊಪೊ ಅದನ್ನು ನೋಡಿದಳು. ಹಿತ್ತಲಿನಲ್ಲಿ ಬಿಸಿಲು ಸರಿದಂತೆಲ್ಲ ಪೊಪೊ ಎದ್ದು ಹೋಗಿ, ಹಸಿ ಅಕ್ಷರಗಳಿಗೆ ಬೆರಳು ತಾಗದ ಹಾಗೆ, ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಸಿಲಿನತ್ತ ತಳ್ಳುತ್ತಿದ್ದಳು.