ಚಕ್ಕೋತದ ಸುಗ್ಗಿ, ಕೊಲೆಸ್ಟ್ರಾಲ್ ಮಾತ್ರೆ

ನಮ್ಮ ಮಾದೋ ಊರಿನಲ್ಲಿ ಚಕ್ಕೋತದ ಸುಗ್ಗಿ ಬಂತೆಂದರೆ ಯಾರಿಗೂ ಕೂರಲು ಪುರುಸೊತ್ತಿಲ್ಲ. ಮನೆಮನೆಯಲ್ಲೂ ಚಕ್ಕೋತ ತಿನ್ನುವ ಶರತ್ಕಾಲದ ಹುಣ್ಣಿಮೆ ಹಬ್ಬದೊಳಗೆ ಕಾಯಿ ಕಿತ್ತು, ಸಿಹಿ ಏರಲೆಂದು ನೆರಳಲ್ಲಿ ಬಾಡಿಸಿ, ಪೆಟ್ಟಿಗೆ ತುಂಬಬೇಕು. ಅಂಥ ಹೊತ್ತಿನಲ್ಲಿ ಪಕ್ಕದ ತೋಟದ ತಿಯೆನ್‌ಹುವೊ ತೊಡೆ ಹಿಡಿದುಕೊಂಡು ಕುಳಿತುಬಿಟ್ಟ. ಹೋದ ವರ್ಷ ಅವನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನುಂಗುತ್ತಿದ್ದ.

"ಈ ನೋವೆಲ್ಲ ಆ ಮಾತ್ರೆದೇ. ಇವತ್ತಿಂದ ಬಿಟ್ಟೆ," ಎಂದ.

ಹೆಂಡತಿ ಯುಯೆಶಿಯಾ ಬುಟ್ಟಿ ಕೆಳಗಿಟ್ಟು ಓಡಿ ಬಂದಳು. "ಬಿಟ್ಟು ಮತ್ತೆ ಎದೆ ಹಿಡ್ಕೊಂಡ್ರೆ?" ಎಂದು ಬೈದು, ಆರೋಗ್ಯ ಕೇಂದ್ರದ ನರ್ಸ್ ಹುಯಿಜೂನಳನ್ನು ಕರೆತಂದಳು.

"ಮಾಮ, ನೋವು ಯಾವಾಗಿಂದ?" ಎಂದು ಹುಯಿಜೂನ್ ಕೇಳಿದಳು.

"ಕೊಯ್ಲು ಶುರುವಾದ್ಮೇಲೆ."

"ಮೂತ್ರ ಚಹಾ ಬಣ್ಣಕ್ಕೆ ತಿರುಗಿದ್ಯಾ?"

"ಇಲ್ಲಮ್ಮ."

"ಮಾತ್ರೆ ವರ್ಷದಿಂದ ತಗೋತಿದ್ದೀರಿ. ಈಗ ಹೊಸದಾಗಿ ಏನ್ ತಿಂತಿದ್ದೀರಿ?"

ಅವನು ಪಕ್ಕದಲ್ಲಿದ್ದ ಒಡೆದ ಚಕ್ಕೋತವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ. ಯುಯೆಶಿಯಾ ಸುಮ್ಮನಿರುತ್ತಾಳೆಯೇ? "ಒಡೆದದ್ದು, ಚುಕ್ಕೆ ಬಿದ್ದದ್ದು, ಯಾರೂ ಕೊಳ್ಳದ ಚಕ್ಕೋತ ಎಲ್ಲಾ ಇವರ ಹೊಟ್ಟೆಗೇ. ಅನ್ನ ಬಿಟ್ರೂ ಅದನ್ನ ಬಿಡಲ್ಲ."

"ಬೆಳೆದಿದ್ದನ್ನ ತಿಪ್ಪೆಗೆ ಎಸೀಲಾ?" ಎಂದ. ನಾವು ಬೆಳೆಗಾರರೆಲ್ಲ ಹೀಗೇ, ಒಳ್ಳೆಯದನ್ನು ಪೇಟೆಗೆ ಕಳಿಸಿ ಒಡಕನ್ನು ತಿನ್ನುವವರು.

"ಅದೇ ಎಡವಟ್ಟು ಆಗಿರ್ಬೇಕು ಮಾಮ. ಇಂಥ ಕೆಲವು ಮಾತ್ರೆಗೂ ಚಕ್ಕೋತಕ್ಕೂ ಆಗಿಬರಲ್ಲ. ಮಾತ್ರೆಯ ಮದ್ದು ಬೇಗ ಇಳಿಯದೆ ರಕ್ತದಲ್ಲಿ ಜಾಸ್ತಿ ಉಳಿಯತ್ತೆ, ಮಾಂಸಖಂಡ ನೋಯತ್ತೆ. ಆದ್ರೂ ರಕ್ತ ಪರೀಕ್ಷೆ ಆಗ್ಲಿ. ಬಿಡೋದಾ, ಬದಲಾಯಿಸೋದಾ, ಡಾಕ್ಟ್ರು ಹೇಳ್ತಾರೆ. ಈಗಲೇ ಹೋಗೋಣ."

"ಕಾಯಿ ಯಾರು ಕೀಳ್ತಾರೆ?"

"ನೀವು ಸತ್ರೆ ಹೇಗೂ ನಾನೇ ಕೀಳ್ಬೇಕಲ್ಲ, ಇವತ್ತೇ ಅಭ್ಯಾಸ ಮಾಡ್ಕೋತೀನಿ," ಎಂದಳು ಯುಯೆಶಿಯಾ. ಹೇಳುವಾಗ ಅವಳ ಕಣ್ಣು ತುಂಬಿತ್ತು. ಅವನು ಎದ್ದ.

ಪರೀಕ್ಷೆಯಲ್ಲಿ ಸ್ನಾಯುಗಳಿಗೆ ಸ್ವಲ್ಪ ಏಟು ಬಿದ್ದದ್ದು ಕಂಡಿತು. ಡಾಕ್ಟರು ಮಾತ್ರೆಯನ್ನು ಕೆಲವು ದಿನ ನಿಲ್ಲಿಸಿ, ನೋವು ಇಳಿದ ಮೇಲೆ ಚಕ್ಕೋತದ ತಂಟೆಯಿಲ್ಲದ ಬೇರೆ ಮಾತ್ರೆ ಕೊಟ್ಟರು. ಹಬ್ಬದ ದಿನ ಯುಯೆಶಿಯಾ ತಾನೇ ಚಕ್ಕೋತ ಸುಲಿದು ಗಂಡನ ಕೈಗೆ ಒಂದು ತೊಳೆ ಇಟ್ಟಳು.

"ಡಾಕ್ಟ್ರನ್ನ ಕೇಳಿದ್ಯಾ?" ಎಂದ ಅವನು, ಬಾಯಿಗಿಡುವ ಮೊದಲು.

"ಕೇಳಿದೀನಿ, ತಿನ್ನಿ."

ನಿಮ್ಮ ಮನೆಯಲ್ಲೂ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನುಂಗುವವರಿದ್ದಾರೆಯೇ? ಹೆಚ್ಚಿನವರಿಗೆ ಅದರಿಂದ ದೊಡ್ಡ ತೊಂದರೆಯೇನೂ ಆಗುವುದಿಲ್ಲ. ಆದರೆ ಕಾರಣವಿಲ್ಲದೆ ಮೈಕೈ ನೋವು, ನಿಶ್ಶಕ್ತಿ ಬಂದರೆ ಮುಚ್ಚಿಡಬೇಡಿ. ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಿ. ತಿನ್ನುವ ಹಣ್ಣು, ಕುಡಿಯುವ ಕಷಾಯ, ಎಲ್ಲವನ್ನೂ ಡಾಕ್ಟರಿಗೆ ಹೇಳಿ. ಕೇಳದೆ ಮಾತ್ರೆ ಬಿಡಬೇಡಿ. ನೀವು ಬೇಕೆನ್ನುವವರು ಮನೆಯಲ್ಲಿದ್ದಾರೆ.