ಜಗಳಕ್ಕೆ ಬಾರದ ಹಕ್ಕಿ

ಕೂಗು ಮತ್ತೆ ಕೇಳಿಸಿದಾಗ ದನದಕ್ಕ ಹಾಲು ಕರೆಯುವ ಕೈ ನಿಲ್ಲಿಸಿದಳು. ಎರಡು ಉದ್ದ ಸಿಳ್ಳು, ಕೊನೆಗೊಂದು ಮೋಟು ದನಿ. ಕಾಡು ಕಡಿದು ಹುಲ್ಲು ಬಿತ್ತಿದ ಮೇಲೆ ಹಾಗೆ ಕೂಗುವ ಕಂದು ಹಕ್ಕಿಯ ದನಿ ಅವಳ ಕಿವಿಗೆ ಬಿದ್ದಿರಲಿಲ್ಲ. ಈಗ, ಉಳಿದ ತುಂಡು ಕಾಡನ್ನೂ ಕಡಿಯಲು ತಾವು ಅನುಮತಿ ಕೇಳಿರುವಾಗಲೇ, ಎಲ್ಲಿಂದ ಬಂತು?

"ಹಕ್ಕಿ ಮೇಡಂದೇ ಕೆಲಸ ಅತ್ತಿಗೆ, ತಂದು ಬಿಟ್ಟಿದ್ದಾಳೆ," ಎಂದ ಮೈದುನ. "ಅದು ಒಂದೇ ಒಂದು ಇದೆ ಅಂತ ಬರೆದರೂ ಸಾಕು, ಮರ ಮುಟ್ಟೋ ಹಾಗಿಲ್ಲ. ಆಮೇಲೆ ದನಕ್ಕೆ ಗಾಳಿ ಮೇಯಿಸೋದೇ."

ಕಡಿಯುವ ಮೊದಲು ಆ ಹಕ್ಕಿ ಇದೆಯೇ ಎಂದು ನೋಡಲು ಕಾಡಿನ ಕಚೇರಿಯಿಂದ ಬಂದ ಆ ಮೇಡಂ ಮೇಲೆ ದನದಕ್ಕನಿಗೂ ಗುಮಾನಿ. ನಗು ಹೆಚ್ಚು, ಮಾತು ಕಡಿಮೆ. ಬೇಲಿ ದಾಟಿದ ಕರುವನ್ನು ತಾನಾಗಿಯೇ ಹಿಡಿದು ತಂದು ಕಟ್ಟಿದ್ದಳು; ಅತಿ ವಿನಯ ಧೂರ್ತಲಕ್ಷಣ.

ಕೈ ಒರೆಸಿಕೊಂಡು ದನದಕ್ಕ ತುಂಡು ಕಾಡಿಗೆ ನುಗ್ಗಿದಳು. ಮೇಡಂ ಮರದ ಬುಡದಲ್ಲಿ ಕೂತಿದ್ದಳು. ಮುಂದೆ ತರಗೆಲೆಯ ಮೇಲೆ ಅಂಗೈಯಗಲದ ಸ್ಪೀಕರ್. ಕೂಗು ಬರುತ್ತಿದ್ದುದು ಅದರಿಂದ!

"ಏನಮ್ಮ ತಾಯಿ, ಸಿಕ್ಕಿಬಿದ್ದೆಯಾ? ಇಲ್ಲದ ಹಕ್ಕೀನ ಡಬ್ಬಿಯಿಂದ ಕೂಗಿಸ್ತೀಯಾ?"

"ಶ್... ಕೂತ್ಕೊಳ್ಳಿ ಅಕ್ಕ." ಮೇಡಂ ಚಾಪೆ ಬಿಟ್ಟುಕೊಟ್ಟು ತಾನು ಹಸಿನೆಲಕ್ಕೆ ಸರಿದಳು. "ಇದ್ದರೆ ಉತ್ತರ ಕೊಡಲಿ ಅಂತ ಕೂಗಿಸೋದು. ಇನ್ಯಾವನೋ ನನ್ನ ಜಾಗಕ್ಕೆ ಬಂದ ಅಂತ ಗಂಡು ಹಕ್ಕಿ ಜಗಳಕ್ಕೆ ಬರುತ್ತೆ."

"ಥೇಟ್ ನನ್ನ ಮೈದುನ. ಬಂತಾ?"

"ಇಲ್ಲ."

"ಹಕ್ಕಿಗೇನು ಬರ? ಬಯಲ ತುಂಬ ಬೆಳ್ಳಕ್ಕಿ, ಗೊರವಂಕ."

"ಅವು ಬಿಸಿಲಿನವು, ಕಾಡು ಹೋದ ಮೇಲೆ ಬಂದವು. ಇದು ನೆರಳಿಂದು. ಅಷ್ಟು ದೊಡ್ಡ ಬಯಲು ದಾಟೋ ಧೈರ್ಯ ಇದಕ್ಕಿಲ್ಲ. ಇವತ್ತೂ ಬರದಿದ್ದರೆ ಇಲ್ಲ ಅಂತಲೇ ಬರೀತೀನಿ. ನೀವು ಕಡೀಬಹುದು."

ದನದಕ್ಕ ಅವಳ ಮುಖದಲ್ಲಿ ಸುಳ್ಳು ಹುಡುಕಿದಳು. ಮೇಡಂ ಕಣ್ಣು ತಪ್ಪಿಸಲಿಲ್ಲ. ಆ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಬೇಕಾದ ಮಾತು ಸಿಕ್ಕಿತ್ತು, ಎದ್ದು ಹೋಗಬಹುದಿತ್ತು. ದನದಕ್ಕ ಚಾಪೆಯ ಅಂಚಿನಲ್ಲಿ ಕೂತಳು.

"ಇಷ್ಟು ಸಣ್ಣಗೆ ಕೂಗಿಸಿದರೆ ಕಾಡಿನ ಆ ತುದಿಗೆ ಕೇಳುತ್ತಾ? ಜೋರು ಮಾಡು."

ಕೂಗು ಎದ್ದು ಮರಗಳ ನಡುವೆ ಹೋಯಿತು. ಇಬ್ಬರೂ ಕಿವಿಗೊಟ್ಟರು. ಅಷ್ಟರಲ್ಲಿ ಒಡತಿಯನ್ನು ಹುಡುಕಿಕೊಂಡು ಹಟ್ಟಿಯ ಹಿರಿಯ ಹಸು ಬಂದು ಪಕ್ಕದಲ್ಲಿ ನಿಂತಿತು. ಕೊರಳ ಗಂಟೆ ಟಣ್ ಎಂದಿತು. ದನದಕ್ಕ ಮರಗಳಿಂದ ಕಣ್ಣು ತೆಗೆಯದೆ ಕೈ ಚಾಚಿ, ಗಂಟೆಯ ನಾಲಿಗೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.