ಟ್ರಾಮ್ ಹಳಿಯ ಪಕ್ಕದ ತಗ್ಗು

ಕಾಸಾಬ್ಲಾಂಕಾದಲ್ಲಿ ಬೆಳಗಿನಿಂದ ಒಂದೇ ಸಮನೆ ಮಳೆ. ಟ್ರಾಮ್ ನಿಲ್ದಾಣದಲ್ಲಿ ಗಂಡನ ತೋಳು ಹಿಡಿದು ನಿಂತಿದ್ದ ತಾಮುವಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು. ಮಿಲೂದನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಮೂರು ಸಲ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು, ಅಲ್ಲಿಗೆ ಹೋಗಲು ಟ್ರಾಮೇ ಗತಿ. ಆ ಟ್ರಾಮು ಹಿಂದಿನ ನಿಲ್ದಾಣದಲ್ಲೇ ನಿಂತುಬಿಟ್ಟಿತ್ತು. ಹಳಿಗಳ ಮೇಲೆ ಮೊಣಕಾಲುದ್ದ ನೀರು. ಟ್ಯಾಕ್ಸಿಯವರೂ ನೀರು ಕಂಡು ವಾಪಸು ತಿರುಗುತ್ತಿದ್ದರು.

“ಓಡಿಸೋಕೆ ಬರದಿದ್ರೆ ಹಳಿ ಯಾಕೆ ಹಾಕಿದ್ರು?” ಎಂದು ತಾಮು, ಹಳಿ ಪಕ್ಕದ ಗಿಡ ನೋಡಿಕೊಳ್ಳುವ ಇಜ್ಜಾಳ ಮೇಲೆ ಹರಿಹಾಯ್ದಳು.

“ನೀರಿಳಿಯೋಕೆ ಅಂತ ಇಲ್ಲೇ ಒಂದು ತಗ್ಗು ಬಿಟ್ಟಿದ್ರಲ್ಲ ಅಕ್ಕ. ಎಲ್ಲಿ ಅದು?” ಎಂದಳು ಇಜ್ಜಾ.

ತಾಮುವಿನ ರೊಟ್ಟಿ ಗಾಡಿ ನಿಂತಿದ್ದದ್ದೇ ಅದರ ಮೇಲೆ. ಹಳಿ ಹಾಕಿದ ಗುತ್ತಿಗೆದಾರ ಗುಂಡಿ ಮುಚ್ಚೋದನ್ನೇ ಮರೆತಿದ್ದಾನೆ ಎಂದು ಕೆಫೆಯ ಬೂಶ್ತಾ ಬೇಸಿಗೆಯಲ್ಲಿ ಗಿಡ ಕಿತ್ತು, ಒಡೆದ ಗೋಡೆಯ ಕಲ್ಲುಮಣ್ಣು ತುಂಬಿ, ಹೆಂಚು ಹಾಸಿ ಕುರ್ಚಿ ಹಾಕಿದ್ದ. ಮೂಲೆಯ ಜಾಗ ತಾಮುವಿಗೆ ಕೊಟ್ಟಿದ್ದ. ಬೀದಿಗೆ ಬೀದಿಯೇ ಅವನನ್ನು ಹೊಗಳಿತ್ತು.

“ತಗ್ಗಲ್ಲಿ ನೀರು ನಿಂತ್ರೆ ಸೊಳ್ಳೆ ಆಗಲ್ವಾ?” ತಾಮು ಇನ್ನೂ ಬಗ್ಗಲಿಲ್ಲ.

“ಸೊಳ್ಳೆ ಮೊಟ್ಟೆಯಿಟ್ಟು ಮರಿಯಾಗೋಕೆ ವಾರ ಬೇಕು. ಇದ್ರಲ್ಲಿ ನೀರು ಒಂದೆರಡು ದಿನಕ್ಕೆಲ್ಲ ಇಂಗಿಹೋಗುತ್ತೆ. ತಳಕ್ಕೆ ಜಲ್ಲಿ, ಮರಳು ಹಾಕಿದಾರೆ. ರಸ್ತೆ ನೀರು, ಹಳಿ ನೀರು ಎಲ್ಲ ಅಲ್ಲಿಗೇ ಇಳಿಯೋದು. ಬೇಸಿಗೇಲಿ ಗಿಡ ಬದುಕೋದೂ ಅದರಿಂದ್ಲೇ. ಇದನ್ನೇ ಅವತ್ತೂ ಹೇಳಿದೆ. ಕಲ್ಲುಮಣ್ಣು ತೆಗೆಯೋಕೆ ಹೋದ್ರೆ ನೀನು ನನ್ನ ಕೈಯಿಂದ ಸಲಿಕೆ ಕಿತ್ಕೊಂಡೆ.”

ಕಾಲು ಊದಿಕೊಂಡಿದ್ದ ಮಿಲೂದ ಮೆಲ್ಲಗೆ ಹೇಳಿದ, “ನಿನ್ನ ಗಾಡಿ ಚೆನ್ನಾಗಿ ನಿಂತಿದೆ ತಾಮು. ನನಗೇ ನಿಲ್ಲೋಕಾಗ್ತಿಲ್ಲ.”

ತಾಮುವಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅವತ್ತು ನೀರಿಳಿದು ಅವರು ಆಸ್ಪತ್ರೆ ಮುಟ್ಟಿದಾಗ ನಾಲ್ಕು ಗಂಟೆ ತಡವಾಗಿತ್ತು, ಮಿಲೂದ ಉಸಿರಿಗೆ ಒದ್ದಾಡುತ್ತಿದ್ದ. ಹೇಗೋ ಜೀವ ಉಳಿಯಿತು.

ಮರುದಿನ ಅವಳು ಗಾಡಿ ಸರಿಸಿ, ಗುದ್ದಲಿ ಎತ್ತಿ ನೆಲದ ಹೆಂಚಿಗೆ ಹಾಕಿದಳು. ಬೂಶ್ತಾ ಓಡಿಬಂದ.

“ನಿಂಗೇನು ತಲೆ ಕೆಟ್ಟಿದ್ಯಾ? ನನ್ನ ಗಿರಾಕಿಗಳು ಎಲ್ಲಿ ಕೂರ್ಬೇಕು?”

“ಈಗ ನನ್ನ ಗಂಡನ ಎದೆ ಮೇಲೆ ಕೂತಿದಾರೆ. ಎಬ್ಬಿಸು.”

ಬೂಶ್ತಾ ಗಾಡಿಗೆ ಒರಗಿ ಕೂತಿದ್ದ ಮಿಲೂದನ ಮುಖ ನೋಡಿದ. ಆಮೇಲೆ ಗೊಣಗುತ್ತಲೇ ಕುರ್ಚಿಗಳನ್ನು ಒಳಗಿಟ್ಟ. ಇಜ್ಜಾ ಕಲ್ಲುಮಣ್ಣು ತೆಗೆದು, ಜಲ್ಲಿ ತೊಳೆದು ಹಾಸಿ, ಹೊಸ ಗಿಡ ನೆಟ್ಟಳು.

ಎರಡು ವಾರಕ್ಕೆ ಮತ್ತೆ ಜೋರು ಮಳೆ. ನೀರು ತಗ್ಗಿಗೆ ಇಳಿಯಿತು, ಹಳಿ ಕಾಣುತ್ತಲೇ ಇತ್ತು. ಟ್ರಾಮು ಗಂಟೆ ಬಾರಿಸುತ್ತ ಹೊತ್ತಿಗೆ ಸರಿಯಾಗಿ ಬಂತು. ಮಿಲೂದನನ್ನು ಹತ್ತಿಸುವಾಗ ಯಾರೋ ತಗ್ಗಿಗೆ ಕಸದ ಚೀಲ ಎಸೆದದ್ದು ತಾಮುವಿನ ಕಣ್ಣಿಗೆ ಬಿತ್ತು. ಅವಳು ಬೈದ ಬೈಗುಳಕ್ಕೆ ಆ ಮನುಷ್ಯ ಮಳೆಯಲ್ಲೇ ತಗ್ಗಿಗೆ ಇಳಿದು ಚೀಲ ಎತ್ತಿಕೊಂಡ.

ಓದುವವರೇ, ನಿಮ್ಮ ಬಸ್ಸು, ಮೆಟ್ರೊ ದಾರಿಯ ಪಕ್ಕದಲ್ಲೂ ಇಂಥದೊಂದು ತಗ್ಗು ಇದ್ದೀತು. ಅದನ್ನು ಮುಚ್ಚಬೇಡಿ, ಮುಚ್ಚುವವರನ್ನು ಸುಮ್ಮನೆ ಬಿಡಬೇಡಿ. ಮಳೆಗೆ ಮುಂಚೆ ಅದರೊಳಗಿನ ಕಸ ತೆಗೆಯಿರಿ. ಇವತ್ತೇ ಹೋಗಿ ನೋಡಿ. ಮುಂದಿನ ಗಾಡಿಗೆ ಕಾಯುತ್ತಿರುವವರಲ್ಲಿ ಒಬ್ಬರಿಗಾದರೂ ತಡವಾದರೆ ಜೀವ ಉಳಿಯುವುದಿಲ್ಲ.